ಅಕ್ಕನ ಪ್ಲೇಟಿನ ಮೇಲೆ ನಾನಿಟ್ಟ ಹಿತ್ತಾಳೆ

ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಒಂದು ಕೊಬ್ಬು ಬೆಳೆಯುತ್ತದೆ. ಕಬ್ಬಿಣವನ್ನೇ ಕಡೆದವನಿಗೆ ಮಿಕ್ಕಿದ್ದೆಲ್ಲ ಯಾವ ಮಹಾ ಎಂಬ ಕೊಬ್ಬು. ನನಗೂ ಅದಿತ್ತು. ಅದರಿಂದ ಹಾಳಾದದ್ದು ನನ್ನ ವಸ್ತುವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಕ್ಕ ಮದುವೆಗೆ ಮುಂಚೆ ಹಾಡುತ್ತಿದ್ದಳು. ಅವಳ ಎರಡು ದೇವರನಾಮಗಳು ಗ್ರಾಮಫೋನ್ ಪ್ಲೇಟಾಗಿ ಬಂದಿದ್ದವು. ಗಂಡನ ಮನೆಯಲ್ಲಿ ಅತ್ತೆ ‘ಒಡಕು ಗಂಟಲು’ ಎಂದು ಆಡಿಕೊಂಡು ಆಡಿಕೊಂಡೇ ಅವಳ ಬಾಯಿ ಮುಚ್ಚಿಸಿದರು. ಒಂದು ಸಲ ತವರಿಗೆ ಬಂದಾಗ ಉಳಿದಿದ್ದ ಒಂದೇ ಒಂದು ಪ್ಲೇಟನ್ನು ನನ್ನ ಕೈಗಿಟ್ಟು, “ಅಲ್ಲಿದ್ರೆ ಯಾರಾದ್ರೂ ಒಡೆದ್ಹಾಕ್ತಾರೆ, ನಿನ್ ಹತ್ರಾನೇ ಇರ್ಲಿ ಕಣೋ” ಅಂದಳು. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಇದ್ದ ದನಿಯೂ ಹೋಯಿತು. ಈಗ ಬರಿ ಪಿಸುಮಾತು. ಸಂಗೀತ ಕಲಿಯುತ್ತಿರುವ ಮೊಮ್ಮಗಳಿಗೆ ಅಜ್ಜಿಯೂ ಹಾಡುತ್ತಿದ್ದಳೆಂದರೆ ನಂಬಿಕೆಯಿಲ್ಲ. “ಒಂದೇ ಒಂದ್ಸಲ ಅವಳಿಗೆ ಕೇಳಿಸ್ಬಿಡೋ” ಎಂದು ಅಕ್ಕ ಬೇಡಿಕೊಂಡಳು.

ಯಾರೋ ಮಾರುತ್ತಿದ್ದ ಹಳೆಯ ಟರ್ನ್‌ಟೇಬಲ್ ತಂದೆ. ಅಕ್ಕನ ಪ್ಲೇಟು ಹಾಕಿದರೆ, ದನಿ ಮೇಲಕ್ಕೆ ಹೋದಾಗಲೆಲ್ಲ ಕರ್ರೆಂದಿತು. ‘ಸ’ ಬಂದಲ್ಲೆಲ್ಲ ಉಗುಳಿದ ಹಾಗೆ ಸದ್ದು.

“ಹೆಂಗಿದ್ಯೋ ಹಂಗೇ ಮೊದ್ಲು ಫೋನಲ್ಲಿ ಇಳಿಸ್ಕೊಳ್ರೀ” ಅಂದಳು ಹೆಂಡತಿ.

“ಅರ್ಧಂಬರ್ಧ ಕೆಲ್ಸ ನನ್ ಹತ್ರ ನಡೆಯಲ್ಲ” ಎಂದು ಗದರಿದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸ್ಪಿರಿಟ್ ಲೆವೆಲ್ ಇಟ್ಟು ಪೆಟ್ಟಿಗೆಯನ್ನು ಮಟ್ಟ ಮಾಡಿದೆ. ವೈರುಗಳನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಪ್ಲೇಟು ತೊಳೆದೆ. ಏನೂ ಆಗಲಿಲ್ಲ. ಲೇತ್‌ನಲ್ಲಿ ಟೂಲ್ ಅದುರಿ ಕಿರುಗುಟ್ಟಿದರೆ ನಮ್ಮ ಕೈ ತಾನಾಗಿ ಸ್ಪ್ಯಾನರ್‌ಗೆ ಹೋಗುತ್ತದೆ, ಇನ್ನೊಂದು ಸುತ್ತು ಬಿಗಿ ಮಾಡುತ್ತೇವೆ. ಇಲ್ಲೂ ಪ್ಲೇಟಿನ ಮೇಲೆ ಓಡುವ ಮುಳ್ಳು ಅದುರುತ್ತಿದೆ, ಅದನ್ನು ಒತ್ತಿ ಹಿಡಿಯಬೇಕು ಎಂದುಕೊಂಡೆ. ಮುಳ್ಳಿನ ತೋಳಿನ ಹಿಂತುದಿಯಲ್ಲಿದ್ದ ತೂಕ ತಿರುಗಿಸಿ ಮುಳ್ಳಿನ ಮೇಲೆ ಭಾರ ಹೆಚ್ಚಿಸಿದೆ. ಸದ್ದು ಒಂದಿಷ್ಟು ತಗ್ಗಿತು. ಅಷ್ಟು ಸಾಕಾಯಿತು ನನ್ನ ತಲೆ ತಿರುಗಲು. ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಚಂದದ ಒಂದು ಹಿತ್ತಾಳೆ ತುಂಡು ಕಡೆದು, ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್ ಮೇಲೆ ಅಂಟಿಸಿದೆ. ಪ್ರತಿ ಸಲವೂ ಅಕ್ಕನ ಪ್ಲೇಟನ್ನೇ ಹಾಕಿ ಪರೀಕ್ಷೆ ಮಾಡಿದೆ. ಅದರ ಒಂದೊಂದು ತಿರುವೂ ನನಗೆ ಬಾಯಿಪಾಠ, ವ್ಯತ್ಯಾಸ ಬೇಗ ತಿಳಿಯುತ್ತದೆ ಎಂಬ ಜಾಣತನ. ಹೀಗೆ ಎರಡು ವಾರ.

ಸದ್ದು ಇನ್ನೂ ಕೆಟ್ಟಾಗ ಸೋತು, ದೊಡ್ಡನೆಕ್ಕುಂದಿಯಲ್ಲಿ ಇಂಥವನ್ನು ರಿಪೇರಿ ಮಾಡುವವನೊಬ್ಬನ ಹತ್ತಿರ ಹೊತ್ತೊಯ್ದೆ. ಅವನು ಭೂತಗನ್ನಡಿ ಹಿಡಿದು ನೋಡಿದ.

“ಮುಳ್ಳಿನ ತುದೀನೇ ಮುರ್ದೋಗಿದೆ ಸಾರ್. ಇದ್ರ ಮೇಲೆ ಇಷ್ಟು ಭಾರ ಬೇರೆ ಇಟ್ಟಿದ್ದೀರಾ? ಇದು ಹಾಡಲ್ಲ, ಪ್ಲೇಟನ್ನ ಕೆತ್ತುತ್ತೆ ಅಷ್ಟೇ.” ಆಮೇಲೆ ಮೆಲ್ಲಗೆ ಕೇಳಿದ, “ಯಾವ ಪ್ಲೇಟ್ ಹಾಕಿ ನೋಡ್ತಿದ್ರಿ?”

ಟೂಲಿನ ತುದಿ ನೋಡದೆ ಮೆಷಿನ್ನಿಗೆ ಬೈಯುವವರಿಗೆ ಜೀವನವಿಡೀ ಛೀಮಾರಿ ಹಾಕಿದವನು ನಾನು.

ಹೊಸ ಮುಳ್ಳು ಹಾಕಿ, ಭಾರ ಸರಿ ಮಾಡಿ ಕೊಟ್ಟ. ಟರ್ನ್‌ಟೇಬಲ್ ಜೊತೆ ಬಂದಿದ್ದ ಬೇರೆ ಪ್ಲೇಟುಗಳೆಲ್ಲ ಅಚ್ಚುಕಟ್ಟಾಗಿ ಹಾಡಿದವು. ಅಕ್ಕನದೊಂದು ಮಾತ್ರ ಮೊದಲಿನಿಂದ ಕೊನೆಯವರೆಗೂ ಕರ್ರೆಂದಿತು.

ಭಾನುವಾರ ಅಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಹೊಸ ಸೀರೆ ಉಟ್ಟಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಹಾಕಿದೆ. ಹಾಡು ಮುಗಿದ ಮೇಲೆ ಹುಡುಗಿ, “ಚೆನ್ನಾಗಿದೆ ಅಜ್ಜಿ” ಎಂದು ನೆಲ ನೋಡಿದಳು. ಅಕ್ಕ ಪಿಸುಗುಟ್ಟಿದಳು:

“ನಮ್ಮತ್ತೆ ಸುಳ್ಳು ಹೇಳಿರ್ಲಿಲ್ಲ ನೋಡು. ಒಡಕೇ ಇತ್ತು.”

ಎಲ್ಲವನ್ನೂ ಹೇಳಿದೆ. ಮುರಿದ ಮುಳ್ಳು, ಎರಡು ವಾರ, ನನ್ನ ಜಂಬ. ಹಿತ್ತಾಳೆ ತುಂಡನ್ನು ತಂದು ಅವಳ ಅಂಗೈಯಲ್ಲೇ ಇಟ್ಟೆ. ನಿನ್ನ ದನಿ ಹೀಗಿರಲಿಲ್ಲ, ನಾನು ಕೇಳಿದ್ದೇನೆ ಅಂದೆ.

ಅವಳು ಆ ತುಂಡನ್ನು ತಿರುಗಿಸಿ ನೋಡಿದಳು. ಅದರ ನುಣುಪಿನ ಮೇಲೆ ಬೆರಳಾಡಿಸಿದಳು.

“ನನ್ ಸಮಾಧಾನಕ್ಕೆ ಯಾಕೋ ಇಷ್ಟೆಲ್ಲಾ ಕಟ್ಟಿ ಹೇಳ್ತೀಯಾ?” ಅಂದಳು. “ನಿನ್ ಕೈಯಲ್ಲಿ ಯಾವತ್ತಾದ್ರೂ ಕೆಲ್ಸ ಕೆಟ್ಟಿದ್ಯಾ?”