ನನ್ನ ಅಳತಿಯ ಚಪ್ಪಲಿ

ನನ್ನ ಹೆಂಡತಿಗೆ ಸಕ್ಕರಿ ಜಡ್ಡು ಐತಿ ಅಂತ ಗೊತ್ತಾದ ದಿನ ಆಕಿಗಿಂತ ನಾನೇ ಹೆಚ್ಚು ಮಾತಾಡಿದೆ. ಹೆದರಿದಾಗ ನನ್ನ ಬಾಯಿ ನಿಲ್ಲಂಗಿಲ್ಲ. ಆದವಾನಿ ಆಸ್ಪತ್ರ್ಯಾಗ ಡಾಕ್ಟರು ನೀಲಿ ಔಷಧದೊಳಗ ಆಕಿ ಮೂತ್ರದ ಹನಿ ಬಿಟ್ಟು ಕುದಿಸಿದರು. ನೀಲಿ ಹೋಗಿ ಇಟ್ಟಂಗಿ ಬಣ್ಣ ಬಂತು, ಸಕ್ಕರಿ ಭಾಳ ಐತಿ ಅಂದಂಗ. ಅನ್ನ, ಬೆಲ್ಲ, ಸಕ್ಕರಿ ಬಿಡ್ರಿ, ಜೋಳದ ರೊಟ್ಟಿ ಪಲ್ಲೆ ತಿನ್ರಿ ಅಂದರು. "ರೊಟ್ಟಿ ತಿನ್ನು ಅನ್ನಾಕ ಇಷ್ಟು ಓದಬೇಕೇನ್ರಿ?" ಅಂತ ಆಕಿ ನನ್ನ ಕಿವ್ಯಾಗ ಅಂದಳು. ನಾನೂ ನಕ್ಕೆ.

ಆಮ್ಯಾಲೆ ಅವರು ಆಕಿ ಪಾದಕ್ಕ ಅಲ್ಲಲ್ಲಿ ಸೂಜಿ ಮೊನಿ ಮುಟ್ಟಿಸಿ, ತಿಳೀತೈತೇನು ಅಂತ ಕೇಳಿದರು. ಬೆರಳಿನ ಹತ್ತಿರ ಆಕಿಗೆ ಏನೂ ತಿಳೀಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ ಆಕಿಗೆ ಗೊತ್ತಾಗದಂಗ ತೆಲುಗಿನಾಗ ಹೇಳಿದರು: ಇನ್ನ ಮ್ಯಾಲೆ ಚಪ್ಪಲಿ ಇಲ್ಲದೇ ಒಂದು ಹೆಜ್ಜಿ ಇಡಬಾರದು, ಮನಿಯೊಳಗೂ ಇಡಬಾರದು. ಗಾಯ ಆದರ ಮಾಯೋದು ಕಷ್ಟ, ಬಿಟ್ಟರ ಕಾಲೇ ತೆಗೀಬೇಕಾದೀತು.

ಹೇಳಾಕ ಅವರಿಗೇನು? ನಮ್ಮ ಓಣ್ಯಾಗ ಸೊಸೆಂದಿರು ಹಿರಿಯರ ಮುಂದ ಚಪ್ಪಲಿ ಮೆಟ್ಟತಿದ್ದಿಲ್ಲ. ಹೊಲಕ್ಕ ಹೋಗೋರು ಮೆಟ್ಟಿದ್ದರೂ ಕಟ್ಟಿ ಮ್ಯಾಲೆ ಯಾರರ ಕುಂತಿದ್ದರ ಬಿಚ್ಚಿ ಕೈಯಾಗ ಹಿಡಕೊಂಡು ದಾಟೋರು. ಮನಿಯೊಳಗಂತೂ ಲಿಂಗಪೂಜಿ ನಡೆಯೋ ಜಾಗ, ತೊಗಲು ಹೊಸ್ತಿಲ ದಾಟಂಗಿದ್ದಿಲ್ಲ. ಪಡಸಾಲ್ಯಾಗ ನಮ್ಮವ್ವ ಕಾಳು ಹಸನ ಮಾಡಿಕೋತ ಕುಂತಿರತಿದ್ದಳು. ಎಪ್ಪತ್ತು ದಾಟಿದ್ದರೂ ತೊಗರ್ಯಾಗಿನ ಒಂದು ಕಲ್ಲಿನ ಹಳ್ಳು ಆಕಿ ಕಣ್ಣಿಗೆ ತಪ್ಪತಿದ್ದಿಲ್ಲ. ಇನ್ನ ಸೊಸಿ ಕಾಲಾಗಿನ ಚಪ್ಪಲಿ ತಪ್ಪೀತೇನು?

ನಾನು ಹತ್ತಿ ದಲ್ಲಾಳಿ. ಪೇಟ್ಯಾಗ ಎಂತೆಂಥವರ ಮುಂದ ಧಾರಣಿ ಜಗ್ಗಾಡಿ ಬರೋ ಗಂಡಸು, ಚಪ್ಪಲಿ ಹೊಲಿಯೋನ ಮುಂದ ನಿಂತಾಗ ನಾಲಿಗಿ ಬಿದ್ದು ಹೋತು. "ಯಾರಿಗ್ರಿ?" ಅಂತ ಕೇಳಿದ. ಬಾಜೂಕ ನಮ್ಮ ಪೇಟಿಯವರಿಬ್ಬರು ನಿಂತಿದ್ದರು. "ನನಗ" ಅಂದೆ. ಅವ ನನ್ನ ಕಾಲು ತೊಗಲಿನ ಮ್ಯಾಲೆ ಇಡಿಸಿ ಸುತ್ತ ಗೀಟು ಎಳೆದ. ನಾನು ಕಂಬದಂಗ ನಿಂತೆ. ಅದಕ್ಕಿಂತ ಮಾನಗೇಡಿ ಕೆಲಸ ನಾನು ಮಾಡಿಲ್ಲ. ಆವತ್ತು ಮಾತ್ರ ಮಾನ ಉಳಿಸಿಕೊಂಡೆ ಅಂತ ಅನಿಸಿತ್ತು.

ಚಪ್ಪಲಿ ನೋಡಿ ನನ್ನಾಕಿ, "ಒಂದರಾಗ ನನ್ನ ಎರಡೂ ಕಾಲು ಹಿಡೀತಾವ" ಅಂದಳು. ಇಷ್ಟು ದೊಡ್ಡವು ಯಾಕ ಅಂತ ಕೇಳಲಿಲ್ಲ. ಕೇಳಿದ್ದರ ಎರಡು ಮಾತು ಬೈದು ತಪ್ಪಿಸಿಕೋತಿದ್ದೆ. "ಹಿತ್ತಲದಾಗ ಮೆಟ್ಟಿಕೋ, ಪಡಸಾಲಿಗೆ ಬಂದಾಗ ಬಿಚ್ಚು. ಅವ್ವ ಸುಮ್ಮನಿರಂಗಿಲ್ಲ" ಅಂತ ನಾನೇ ಹೇಳಿಕೊಟ್ಟೆ. ಆಕಿ ಹಂಗ ಮಾಡಿದಳು.

ಸ್ವಲ್ಪ ದಿನಕ್ಕ ಒಂದು ಮುಂಜಾನೆ ಹಿತ್ತಲದ ಹಾಸಗಲ್ಲಿನ ಮ್ಯಾಲೆ ಕೆಂಪು ಕಲೆ ಕಂಡೆ. ಬಾವಿಯಿಂದ ಬಾಗಿಲತನ ಅಲ್ಲೊಂದು ಇಲ್ಲೊಂದು ಇದ್ದವು. ಆಕಿ ಕೊಡ ಇಳಿಸಿ ಕೆಳಗ ನೋಡಿ, "ಅಯ್ಯ, ಯಾರದಿದು ರಕ್ತ?" ಅಂದಳು.

ಆಕಿದೇ. ಸಡಿಲ ಪಟ್ಟಿ ತಿಕ್ಕಿ ತಿಕ್ಕಿ ಹೆಬ್ಬೆರಳಿನ ಬುಡದಾಗ ತೊಗಲು ಎದ್ದು ಹೋಗಿತ್ತು. ಆಕಿಗೆ ಗೊತ್ತೇ ಇಲ್ಲ. ನಾನು ಆಕಿನ್ನ ಕಲ್ಲಿನ ಮ್ಯಾಲೆ ಕೂಡಿಸಿ, ಕಾಲು ತೊಡಿ ಮ್ಯಾಲೆ ತೊಗೊಂಡು ನೀರು ಹಾಕಿದೆ. "ನೀವು ನನ್ನ ಕಾಲು ಮುಟ್ಟಬಾರದ್ರಿ" ಅಂತ ಎಳಕೊಂಡಳು. ನಾನು ಬಿಡಲಿಲ್ಲ. ತಲಿ ಎತ್ತಿದರ ಬಾಗಿಲದಾಗ ಅವ್ವ ನಿಂತಿದ್ದಳು.

ಅವ್ವ ಗಾಯ ನೋಡಿದಳು, ಚಪ್ಪಲಿ ನೋಡಿದಳು. "ಇವು ಯಾರವು?"

"ಆಕಿವು."

"ಅಳತಿ ನಿನ್ನದೈತಲ್ಲ."

ನಾನು ಡಾಕ್ಟರು ಹೇಳಿದ್ದೆಲ್ಲಾ ಹೇಳಿದೆ, ಕಾಲು ತೆಗೀಬೇಕಾದೀತು ಅಂದದ್ದನ್ನೂ ಹೇಳಿದೆ. ಅವ್ವ ಬಂಡಿ ಕಟ್ಟಸು ಅಂದಳು.

ಆಸ್ಪತ್ರ್ಯಾಗ ಡಾಕ್ಟರು ಗಾಯದ ಸುತ್ತ ಒತ್ತಿ, ನೋವೈತೇನು ಅಂತ ಕೇಳಿದರು. "ಏನೂ ಇಲ್ರಿ" ಅಂತ ಆಕಿ ಖುಷಿಯಿಂದ ಹೇಳಿದಳು. ಅವರು ನಗಲಿಲ್ಲ. ಕಾಲು ಉಳೀತೈತೋ ಇಲ್ಲೋ, ಈಗ ಹೇಳಾಕ ಆಗಂಗಿಲ್ಲ ಅಂದರು. ಅಲ್ಲಿಂದ ಮುಂದ ದಿನಾ ಗಾಯದ ಪಟ್ಟಿ ಬಿಚ್ಚಿ ತೊಳೆದು ಕಟ್ಟೋ ಕೆಲಸ ನಂದು. ಬಿಚ್ಚೋ ಮೊದಲು ನಾನು ಗಂಟು ಹಿಡಕೊಂಡು ಹಂಗ ಕುಂತು ಬಿಡತಿದ್ದೆ. ಆಕಿನೇ ನನಗ, "ನಿಮ್ಮ ಹತ್ತಿ ಮೂಟಿ ಬಿಚ್ಚೋ ಹಂಗ ಬಿಚ್ರಿ, ಏನಾಗಂಗಿಲ್ಲ" ಅಂತ ಧೈರ್ಯ ಹೇಳೋಳು. ಕಾಲು ಉಳೀತು. ಗಾಯ ಮಾಯೋದರಾಗ ಹತ್ತಿ ಸುಗ್ಗಿ ಮುಗಿದಿತ್ತು.

ಈ ಸಲ ಚಪ್ಪಲಿ ಹೊಲಿಯೋನ್ನ ಅವ್ವನೇ ಮನಿಗೆ ಕರೆಸಿದಳು. ಓಣಿ ಮಂದಿ ನೋಡತಿರೂವಾಗ ಅಂಗಳದಾಗ ಸೊಸಿ ಕಾಲಿನ ಅಳತಿ ಕೊಡಿಸಿದಳು. ಹೊಸ ಚಪ್ಪಲಿ ಮೆಟ್ಟಿಕೊಂಡು ನನ್ನಾಕಿ ಪಡಸಾಲಿತನ ಬಂದು, ಹೊಸ್ತಿಲದಾಗ ರೂಢಿಯಂಗ ಬಗ್ಗಿ ಬಿಚ್ಚಾಕ ಹೋದಳು.

"ಇರಲಿ ಬಾ, ನನಗೇನು ಕಣ್ಣು ಕಾಣತಾವ?" ಅಂದಳು ಅವ್ವ. ಅನ್ನುತ್ತ ಮೊರದೊಳಗಿನ ತೊಗರ್ಯಾಗಿಂದ ಒಂದು ಹಳ್ಳು ಆರಿಸಿ ಹೊರಗ ಒಗೆದಳು.

ನನ್ನಾಕಿ ಚಪ್ಪಲಿ ಸಪ್ಪಳ ಮಾಡಿಕೋತ ಒಳಗ ಹೋದಳು. ಅವ್ವ ಮೊರದಿಂದ ತಲಿ ಎತ್ತದೇ ನನ್ನನ್ನ ಕೇಳಿದಳು: "ನಾ ಬ್ಯಾಡ ಅಂತೀನಿ ಅಂತ ನಿನಗ ಯಾರಪಾ ಹೇಳಿದ್ದು?"

ಯಾರೂ ಹೇಳಿದ್ದಿಲ್ಲ. ನಾನು ಕೇಳೇ ಇದ್ದಿಲ್ಲ.