ಅವ್ವನ ಹೆಸರು, ಅಣ್ಣನ ತೋಳು

ಇವತ್ತಿನದು ಕೇಳ್ರಪ್ಪಾ. ಮಧ್ಯಾಹ್ನ ಇಂದಿರಾನಗರದ ನಮ್ಮ ಟ್ಯಾಟೂ ಅಂಗಡಿಗೆ ನನ್ನ ಅಣ್ಣ ಬಂದ. ಕಗ್ಗದಾಸಪುರದಲ್ಲಿ ಗಾರೆ ಕೆಲಸ ಮಾಡ್ತಾನೆ. ಊರ ಮಠದಲ್ಲಿ ಮರಿಸ್ವಾಮಿ ಆಗಿದ್ದ ನಾನು ಕಾವಿ ಬಿಚ್ಚಿಟ್ಟು ಬಂದೆ ಅಂತ, ನಾಲ್ಕು ವರ್ಷದಿಂದ ನನ್ನ ಜೊತೆ ಮಾತೇ ಬಿಟ್ಟಿದ್ದ. ಇವತ್ತು ಸೀದಾ ಬಂದು, ಅಂಗಿ ತೋಳು ಮಡಚಿ ಕುರ್ಚಿಮೇಲೆ ಕೂತ.

"ಅವ್ವನ ಹೆಸರು ಹಾಕು."

"ಅವ್ವ ಹೆಂಗದಾಳ?" ಅಂದೆ.

"ಹೋಗಿ ಹದಿನೈದು ದಿನ ಆತು."

ಸೂಜಿ ಕೆಳಗಿಟ್ಟೆ. "ನನಗ್ಯಾಕ ಹೇಳಲಿಲ್ಲ?"

"ಮಣ್ಣಿಗೆ ಮಠದವರೆಲ್ಲ ಬಂದಿದ್ರು. ನೀ ಬಂದಿದ್ರ ಅವರು ಎದ್ದು ಹೋಗ್ತಿದ್ರು. ಅವ್ವನ ಮರ್ಯಾದಿ ನೋಡಬೇಕಲ್ಲ?"

"ಹಂಗಾದ್ರ ಹಚ್ಚಿ ಹಾಕಿಸ್ಕೊಳ್ಳಾಕ ನನ್ನ ಹತ್ರಾನ ಯಾಕ ಬಂದಿ? ಬೆಂಗಳೂರಾಗ ಬ್ಯಾರೆ ಯಾರೂ ಇಲ್ಲೇನು?"

"ಹೊರಗಿನವರ ಕೈಲೆ ಅವ್ವನ ಹೆಸರು ಬರಸ್ಲಾ?" ಅಂದ, ತಪ್ಪು ನಂದೇ ಅನ್ನೋ ಹಾಗೆ.

ಎದ್ದು ಹೋಗು ಅನ್ನಬೇಕಿತ್ತು. ಸೂಜಿ ಮತ್ತೆ ಎತ್ಕೊಂಡೆ. 'ನೀಲಮ್ಮ' ಅಂತ ಮೂರಕ್ಷರ ಬರೆಯೋಕೆ ಒಂದು ಗಂಟೆ ಹಿಡೀತು. ಕಣ್ಣು ಒರೆಸಿಕೊಳ್ಳೋಕೆ ಎರಡು ಸಲ ಗ್ಲೋವ್ಸ್ ಬಿಚ್ಚಿದೆ. ಅಣ್ಣ ಗೋಡೆ ನೋಡ್ತಾ ಕೂತಿದ್ದ.

ಹೋಗುವಾಗ ಬಾಗಿಲ ಹತ್ರ ನಿಂತು, "ಊರಾಗ ಕೇಳಿದ್ರ, ಬೆಂಗಳೂರಾಗ ಯಾರೋ ಹಾಕಿದ್ರು ಅಂತೀನಿ" ಅಂದ.

'ನಾನು' ಅನ್ನೋದನ್ನ ಬಿಡು ಅಂತ ಮಠದಲ್ಲಿ ಹನ್ನೆರಡು ವರ್ಷ ಬೋಧಿಸಿದ್ರು, ನನ್ನ ತಲೆಗೆ ಹತ್ತಲಿಲ್ಲ. ನಮ್ಮಣ್ಣ ಒಂದೇ ಮಾತಲ್ಲಿ ಬಿಡಿಸಿಬಿಟ್ಟ ನೋಡಿ.