ಓನೊಫ್ರಿಯೊನನ್ನು ಅಲಿಕುಡಿಗೆ ತಂದದ್ದು

ಗಂಡನನ್ನು ಮಿಲಾಟ್ಸೊ ಊರಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಿನ್ಫಾ ಮನೆಗೆ ಬೀಗವನ್ನೂ ಹಾಕಿರಲಿಲ್ಲ. ಹಡಗಿಗೆ ಹೋಗಿಬರುವ ಟಿಕೆಟ್ ತೆಗೆಸಿದ್ದಳು. ಎದೆಯಲ್ಲಿ ಕಫ ಕಟ್ಟಿದೆ, ಸೂಜಿ ಚುಚ್ಚಿ ಕಳಿಸುತ್ತಾರೆ, ವಾರದೊಳಗೆ ಅಲಿಕುಡಿಗೆ ವಾಪಸ್ಸು ಎಂದು ಇಬ್ಬರೂ ಅಂದುಕೊಂಡಿದ್ದರು. ಆದರೆ ಓನೊಫ್ರಿಯೊ ಆಸ್ಪತ್ರೆಯ ಮಂಚದ ಮೇಲೆ, ಅಲ್ಲಿಯ ಸಾರು ಸಪ್ಪೆಯೆಂದು ಬೈಯುತ್ತಲೇ, ಒಂದು ಬೆಳಿಗ್ಗೆ ತೀರಿಕೊಂಡ.

ಅಲಿಕುಡಿಯೆಂದರೆ ಎಂದೋ ಬೆಂಕಿ ಆರಿ ತಣ್ಣಗಾದ, ಸಮುದ್ರದಿಂದ ನೆಟ್ಟಗೆ ಎದ್ದ ಒಂದು ಗುಡ್ಡ. ರಸ್ತೆಯಿಲ್ಲ, ಕಪ್ಪು ಕಲ್ಲಿನ ಮೆಟ್ಟಿಲುಗಳು ಮಾತ್ರ. ಆಗಿನ್ನೂ ಕರೆಂಟು ಬಂದಿರಲಿಲ್ಲ, ಹಡಗು ನಿಲ್ಲುವ ಕಟ್ಟೆಯೂ ಇರಲಿಲ್ಲ. ದಡಕ್ಕೆ ಬಂದ ಹಿಟ್ಟು, ಸಿಮೆಂಟು, ಸಿಲಿಂಡರು ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆ ಗುಡ್ಡ ಹತ್ತಬೇಕು. ಅದು ಓನೊಫ್ರಿಯೊನ ಕೆಲಸ. ಮದುವೆಯ ಹೊಸತರಲ್ಲಿ ಅವನ ಕಾಲು ಮುರಿದಾಗ ನಿನ್ಫಾಳೇ ಹಗ್ಗ ಹಿಡಿದು ಹೊರಟಳು.

"ಹೆಂಗಸಾಗಿ ಹೇಸರಗತ್ತೆ ಹೊಡೀತೀಯಾ?" ಎಂದು ಮಾವ ದಾರಿಗೆ ಅಡ್ಡ ನಿಂತ.

"ಹಾಗಾದ್ರೆ ನೀವೇ ಹೊತ್ಕೊಳ್ಳಿ ಮಾವ," ಎಂದು ಹಿಟ್ಟಿನ ಮೂಟೆಯನ್ನು ಅವನ ಕಾಲ ಬುಡದಲ್ಲಿ ಇಳಿಸಿಬಿಟ್ಟಳು. ಮಾವ ದಾರಿ ಬಿಟ್ಟ. ಅಂದಿನಿಂದ ಗಂಡ ಮುಂದೆ, ಅವಳು ಹಿಂದೆ, ನಡುವೆ ಪ್ರಾಣಿ. ಮಕ್ಕಳಾಗಲಿಲ್ಲ. ಜಗಳಕ್ಕೂ ನಗುವಿಗೂ ಆ ಮೆಟ್ಟಿಲೇ ಸಾಕಾಗಿತ್ತು.

ಮಿಲಾಟ್ಸೊದಲ್ಲಿ ಓನೊಫ್ರಿಯೊನ ಚಿಕ್ಕಪ್ಪನ ಮಗ ಲೆತ್ತೇರಿಯೊ ಅಂಗಡಿ ಇಟ್ಟುಕೊಂಡಿದ್ದ. ಒಳ್ಳೆಯ ಮನುಷ್ಯ. "ಇಲ್ಲೇ ಮಣ್ಣು ಮಾಡೋಣ ಅತ್ತಿಗೆ," ಎಂದ. "ಇಲ್ಲಿ ಸ್ಮಶಾನದಲ್ಲೂ ಕರೆಂಟ್ ದೀಪ ಇದೆ. ನಿಮ್ಮೂರಲ್ಲಿ ಬದುಕಿರೋರಿಗೇ ಇಲ್ಲ."

"ಅವನಿಗೆ ಬೆಳಕಿದ್ರೆ ನಿದ್ದೆ ಬರಲ್ಲ."

"ಸಮುದ್ರ ಕೆಟ್ಟಿದೆ ಅಂತಿದಾರೆ."

"ಕೆಡಲಿ. ಅವನಿಗೇನು ಇನ್ನು ವಾಂತಿ ಆಗಲ್ಲ."

ಒಳಗೆ ಸತುವಿನ ತಗಡು ಹಾಕಿ ಬೆಸೆದ ಪೆಟ್ಟಿಗೆ ಸಿದ್ಧವಾಯಿತು. ಬಂದರಿನ ಟಿಕೆಟ್ ಕಿಟಕಿಯವನು ಅದನ್ನು ನೋಡಿ, "ಇದು ಸರಕಮ್ಮಾ, ಬೇರೆ ಚೀಟಿ ಬೇಕು," ಎಂದ.

"ಸರಕಾ? ಬರೋವಾಗ ಪ್ರಯಾಣಿಕ, ಹೋಗೋವಾಗ ಸರಕಾ? ಇಗೋ ಅವನ ವಾಪಸ್ ಟಿಕೆಟ್ಟು. ಹೋಗೋನಿಗೆ ಉಸಿರಿರ್ಬೇಕು ಅಂತ ಎಲ್ಲಿ ಬರ್ದಿದೆ, ತೋರ್ಸು."

ಹಿಂದೆ ನಿಂತವರು ನಕ್ಕರು. ಕಿಟಕಿಯವನು ತಲೆ ಎತ್ತದೆ ಎರಡೂ ಟಿಕೆಟ್ಟುಗಳಿಗೆ ತೂತು ಹೊಡೆದ.

ಹಡಗಿನ ಕೆಳ ಅಂತಸ್ತಿನಲ್ಲಿ, ತರಕಾರಿ ಬುಟ್ಟಿಗಳ ಪಕ್ಕದಲ್ಲಿ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದರು. ನಿನ್ಫಾ ಅದರ ಪಕ್ಕದಲ್ಲೇ ಕುಳಿತಳು. ವುಲ್ಕಾನೊ, ಲಿಪಾರಿ, ಸಲೀನಾ ದ್ವೀಪಗಳು ಒಂದೊಂದಾಗಿ ಹಿಂದಾದವು. ಅಲಿಕುಡಿಗೆ ಮುಂಚಿನ ಕೊನೆಯ ದ್ವೀಪ ಫಿಲಿಕುಡಿಗೆ ಬರುವಷ್ಟರಲ್ಲಿ ಸಿರೊಕ್ಕೊ ಗಾಳಿ ಏರಿ, ಹಡಗು ಕುಡುಕನಂತೆ ತೂಗತೊಡಗಿತು. ಅಲಿಕುಡಿಯಲ್ಲಿ ಹಡಗು ದೂರ ನಿಲ್ಲಬೇಕು, ದಡದಿಂದ ಹುಟ್ಟು ಹಾಕುವ ದೋಣಿ ಬಂದು ಜನರನ್ನು ಇಳಿಸಿಕೊಳ್ಳಬೇಕು. ಇಂಥ ಅಲೆಯಲ್ಲಿ ಅದು ಆಗದ ಮಾತು. ಕಪ್ತಾನ ತಾನೇ ಕೆಳಗಿಳಿದು ಬಂದ.

"ತಾಯೀ, ಮುಂದಕ್ಕೆ ಹೋಗಲ್ಲ. ಇಲ್ಲಿಂದ್ಲೇ ತಿರುಗ್ತೀವಿ. ನಿಮ್ಮನ್ನ ಲಿಪಾರೀಲಿ ಇಳಿಸ್ತೀನಿ. ಗಾಳಿ ಇಳಿಯೋವರ್ಗೂ ಅಲ್ಲಿ ಚರ್ಚಲ್ಲಿ ಇಡಬಹುದು."

"ಲಿಪಾರೀಲಾ? ಕುರುಡು ಹೇಸರಗತ್ತೆ ಮಾರಿದ್ರು ಇವನಿಗೆ, ಲಿಪಾರಿಯೋರು. ಅವತ್ತಿಂದ ಆ ಊರಿನ ನೀರು ಮುಟ್ಟಿಲ್ಲ. ಬೇಡ."

"ಮತ್ತೆ ಮಿಲಾಟ್ಸೊಗೇ ಹೋಗ್ಬೇಕಾಗುತ್ತೆ."

"ನೀವೆಲ್ಲಿಗೆ ಬೇಕಾದ್ರೂ ಹೋಗಿ. ನಾವಿಬ್ರೂ ಇಳಿಯೋದು ಅಲಿಕುಡೀಲಿ."

ಹಡಗು ತಿರುಗಿತು. ಕಿಂಡಿಯಲ್ಲಿ ಅಲಿಕುಡಿ ಒಂದು ಕ್ಷಣ ಕಂಡು ಮರೆಯಾಯಿತು. ಸುತ್ತ ಯಾರೂ ಇಲ್ಲದ್ದು ನೋಡಿ ನಿನ್ಫಾ ಪೆಟ್ಟಿಗೆಯ ಮುಚ್ಚಳಕ್ಕೆ ಹಣೆ ಹಚ್ಚಿ ಅತ್ತಳು. ಆಮೇಲೆ ಕಪ್ಪು ಅಂಗಿಯ ತೋಳಲ್ಲೇ ಮೂಗು ಒರೆಸಿಕೊಂಡು, "ನೋಡಿದ್ಯಾ, ಸೂಜಿ ಬೇಡ ಅಂತ ಹಟ ಮಾಡಿದ್ದೆ ನೀನು," ಎಂದು ಅವನನ್ನೇ ಗದರಿದಳು.

ಮಿಲಾಟ್ಸೊದಲ್ಲಿ ಬಂದರಿನ ಅಧಿಕಾರಿಯೊಬ್ಬ ಹಡಗು ಹತ್ತಿ ಬಂದ. ಹೆಣವನ್ನು ಹಡಗಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೂಡಲೇ ಇಳಿಸಿ ಎಂದ. ನಿನ್ಫಾ ಎದ್ದು ಪೆಟ್ಟಿಗೆಯ ಮೇಲೆ ಕುಳಿತು, ಬಿಗಿದ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡಳು.

"ಎತ್ರಪ್ಪಾ. ನನ್ನನ್ನೂ ಸೇರ್ಸಿ ಎತ್ತಿ."

ಅಧಿಕಾರಿ ಹಡಗಾಳುಗಳ ಮೇಸ್ತ್ರಿ ಕೊಸಿಮೊನ ಕಡೆ ತಿರುಗಿದ. ಕೊಸಿಮೊ ಬೆಳಿಗ್ಗೆ ತಾನೇ ಹಿಟ್ಟಿನ ಮೂಟೆಗಳನ್ನು ಎಸೆದಾಡಿದ್ದ ಆಸಾಮಿ. ಈಗ ಸೊಂಟಕ್ಕೆ ಕೈ ಕೊಟ್ಟ. "ಬೆನ್ನು ಹಿಡ್ಕೊಂಡಿದೆ ಸಾರ್, ಅಲ್ಲಾಡಕ್ಕೆ ಆಗ್ತಿಲ್ಲ." ಪಕ್ಕದವನಿಗೂ ಬೆನ್ನು ಹಿಡಿದುಕೊಂಡಿತು. ಅವನ ಪಕ್ಕದವನಿಗೂ.

"ಕಪ್ತಾನ್ರೇ, ಇದೇನಿದು?"

"ಸಿರೊಕ್ಕೊ ಬೀಸಿದ್ರೆ ಎಲ್ಲರಿಗೂ ಹೀಗೇ," ಎಂದ ಕಪ್ತಾನ, ಮುಖ ಗಂಟಿಕ್ಕಿಕೊಂಡೇ. "ನಾಳೆ ನೋಡೋಣ ಬಿಡಿ." ಅಧಿಕಾರಿ ಗೊಣಗುತ್ತ ಇಳಿದು ಹೋದ.

ಅಡುಗೆಯವನು ಬೇಳೆಯ ಗಂಜಿಯನ್ನೂ ರೊಟ್ಟಿಯನ್ನೂ ತಂದುಕೊಟ್ಟ. ಲೆತ್ತೇರಿಯೊ ಕಂಬಳಿ ತಂದು, ಕಟ್ಟೆಯ ಮೇಲೆ ನಿಂತೇ, "ಹಟಮಾರಿ ಹೆಂಗಸು ನೀವು!" ಎಂದು ಕೂಗಿದ. "ಈಗ ಗೊತ್ತಾಯ್ತಾ? ಕಂಬಳಿ ಕೊಡು," ಎಂದಳು ನಿನ್ಫಾ.

ಮರುದಿನ ಗಾಳಿ ನಿಂತಿತ್ತು, ಅಲೆ ನಿಂತಿರಲಿಲ್ಲ. ಈ ಸಲ ಕಪ್ತಾನ ಫಿಲಿಕುಡಿಯಿಂದ ಮುಂದಕ್ಕೆ ಬಿಟ್ಟ. ಅಲಿಕುಡಿಯ ಎದುರು ಹಡಗು ನಿಂತಾಗ, ಸಾವಿನ ಸುದ್ದಿ ಮೊದಲೇ ಮುಟ್ಟಿ, ದಡದಲ್ಲಿ ಊರಿಗೆ ಊರೇ ಸೇರಿತ್ತು. ಹುಟ್ಟಿನ ದೋಣಿಯೊಂದು ಅಲೆಯ ಮೇಲೇರಿ ಕೆಳಗಿಳಿದು ಬರುತ್ತಿತ್ತು. ಮುಂದೆ ನಿಂತವನು ಓನೊಫ್ರಿಯೊನ ತಂಗಿಯ ಮಗ ಸಿಲ್ವೆಸ್ತ್ರೊ.

ಕೊಸಿಮೊ ಹಡಗಿನ ಪಕ್ಕದ ಬಾಗಿಲು ತೆರೆದ. ದೋಣಿ ಒಮ್ಮೆ ಬಾಗಿಲ ಮಟ್ಟಕ್ಕೆ ಬರುತ್ತಿತ್ತು, ಮರುಗಳಿಗೆ ಆಳು ಮುಳುಗುವಷ್ಟು ಕೆಳಗೆ ಬೀಳುತ್ತಿತ್ತು.

"ಪೆಟ್ಟಿಗೆ ನೀರಿಗೆ ಹೋದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?" ಎಂದ ಕಪ್ತಾನ.

"ನನಗೆ. ಅದಕ್ಕೇ ಮೊದ್ಲು ನಾನಿಳೀತೀನಿ, ಕೆಳಗಿಂದ ಹಿಡಿಯೋಕೆ."

"ಅತ್ತೇ! ನಾ ಹೇಳೋವರ್ಗೂ ಕಾಲೆತ್ತಬೇಡಿ!" ಎಂದು ಸಿಲ್ವೆಸ್ತ್ರೊ ಚೀರುತ್ತಿರುವಾಗಲೇ ದೋಣಿ ಮೇಲೆದ್ದಿತು, ನಿನ್ಫಾ ಹಾರಿದಳು. ಮೊಣಕಾಲು ತರಚಿತು. ಎದ್ದು ಕಾಲಗಲಿಸಿ ನಿಂತು, "ಹ್ಞೂಂ, ಬಿಡಿ ಅವನನ್ನ!" ಎಂದಳು.

ಬೆನ್ನುನೋವಿನವರೆಲ್ಲ ಸೇರಿ ಹಗ್ಗ ಸಡಿಲಿಸಿದರು. ಅರ್ಧ ದಾರಿಯಲ್ಲಿ ದೊಡ್ಡ ಅಲೆಯೊಂದು ನುಗ್ಗಿ, ಪೆಟ್ಟಿಗೆ ತೂಗಿ ದೋಣಿಯ ಅಂಚಿಗೆ ಬಡಿಯಿತು. ಮರದ ಮೂಲೆಯೊಂದು ಸೀಳಿತು. ಸಿಲ್ವೆಸ್ತ್ರೊ ಪೆಟ್ಟಿಗೆಯ ಕಾಲಿನ ಭಾಗ ಹಿಡಿದ. ತಲೆಯ ಭಾಗ ನೀರಿನತ್ತ ವಾಲಿದಾಗ ನಿನ್ಫಾ ಹೆಗಲು ಕೊಟ್ಟಳು. ವರ್ಷಗಟ್ಟಲೆ ಮೂಟೆ ಹೊತ್ತ ಹೆಗಲು. "ಬಾರೋ, ಬಾ," ಎಂದು ಹಲ್ಲು ಕಚ್ಚಿ ಒಳಕ್ಕೆಳೆದಳು. ಪೆಟ್ಟಿಗೆ ದೋಣಿಯೊಳಗೆ ದಪ್ಪೆಂದು ಕುಳಿತಿತು. ಮೇಲೆ ಬಾಗಿಲಲ್ಲಿ ಕೊಸಿಮೊ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ.

ದಡದಿಂದ ಸ್ಮಶಾನದವರೆಗೆ ಗಂಡಸರು ಹೆಗಲು ಬದಲಿಸುತ್ತ ಮೆಟ್ಟಿಲು ಹತ್ತಿದರು. ವಾಡಿಕೆಯಂತೆ ಹಿಂದಿರಬೇಕಾದ ವಿಧವೆ ಮುಂದೆ ನಡೆದಳು. ಕುಂಟುತ್ತಲೇ, ಎಲ್ಲಿ ಕಲ್ಲು ಸಡಿಲವಾಗಿದೆ, ಎಲ್ಲಿ ತಿರುವು ಇಕ್ಕಟ್ಟು ಎಂದು ಕೂಗಿ ಹೇಳುತ್ತ ಹೋದಳು.

ಮಣ್ಣು ಹಾಕಿದ ಮೇಲೆ ಪಾದ್ರಿ ಅವಳ ಕೈ ಹಿಡಿದು, "ಸಮುದ್ರ ಕೊನೆಗೂ ದಯೆ ತೋರಿಸ್ತು ಮಗಳೇ," ಎಂದರು.

"ಎಲ್ಲಿ ತೋರಿಸ್ತು ಫಾದರ್? ಪೆಟ್ಟಿಗೆ ಸೀಳಾಕ್ತು. ನಾವೇ ಬಿಡ್ಲಿಲ್ಲ, ಅಷ್ಟೆ."

ಮುಂದೆ ಅನೇಕ ವರ್ಷ ಅವಳು ಒಬ್ಬಳೇ ಹೇಸರಗತ್ತೆ ಹೊಡೆದಳು. ಮಿಲಾಟ್ಸೊಗೆ ಮತ್ತೆ ಹೋಗಲಿಲ್ಲ. ಮಣ್ಣು ಮಾಡಿದ ಆ ದಿನ, ಸಮಾಧಾನ ಹೇಳಲು ಬಂದವರನ್ನೆಲ್ಲ ಅಂಗಳದಲ್ಲಿ ಕೂರಿಸಿ, ತರಚಿದ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದಳು. ಪಕ್ಕದ ಮನೆಯವರು ಪ್ರಾಣಿಗೆ ನೀರು ಸರಿಯಾಗಿ ಇಟ್ಟಿರಲಿಲ್ಲ. ಅದಕ್ಕಾಗಿ ಅವರನ್ನು ಎಲ್ಲರೆದುರೇ ಗಟ್ಟಿಯಾಗಿ ಬೈದಳು.